ಫ್ರಿಜ್ಜಿನೊಳಗಿನ ಶಾಖ ಹೊರಗೆ ಹೋಗುವ ದಾರಿ

ಮಳೆಗಾಲ ಹಿಡಿಯಿತೆಂದರೆ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಮನೆಗಳಲ್ಲಿ ಕರೆಂಟು ಹೋಗಿ ಬರುವುದು ನಿತ್ಯದ ಸಂಗತಿಯಾಗುತ್ತದೆ. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಮರ ಬಿದ್ದು ತಂತಿ ಹರಿದರೆ ಇಡೀ ದಿನ ವಿದ್ಯುತ್ ಇರುವುದಿಲ್ಲ. ಇಂಥ ದಿನಗಳಲ್ಲಿ ಫ್ರಿಜ್ ತಂಪು ಕೊಡುವುದನ್ನು ನಿಲ್ಲಿಸಿದರೆ ಮೆಕ್ಯಾನಿಕ್ ಬಂದು ‘ಗ್ಯಾಸ್ ಖಾಲಿಯಾಗಿದೆ’, ‘ಕ್ಯಾಪಿಲರಿ ಚೋಕ್ ಆಗಿದೆ’, ‘ರಿಲೇ ಹೋಗಿದೆ’ ಎಂದು ಏನಾದರೊಂದು ಕಾರಣ ಹೇಳುತ್ತಾರೆ. ಈ ಮಾತುಗಳ ಅರ್ಥ ತಿಳಿಯದ ಕಾರಣ ಮನೆಯವರು ಹೇಳಿದಷ್ಟು ಹಣ ಕೊಟ್ಟು ಸುಮ್ಮನಾಗುತ್ತಾರೆ, ಇಲ್ಲವೇ ರಿಪೇರಿಯ ಗೊಡವೆಯೇ ಬೇಡವೆಂದು ಹೊಸ ಫ್ರಿಜ್ ತರುತ್ತಾರೆ. ಈ ಯಂತ್ರದ ತಂಪಿನ ವ್ಯವಸ್ಥೆಯಲ್ಲಿರುವ ಮುಖ್ಯ ಭಾಗಗಳು ನಾಲ್ಕೈದೇ. ಪ್ರತಿಯೊಂದು ಭಾಗ ಏನು ಮಾಡುತ್ತದೆ ಎಂಬುದು ಒಮ್ಮೆ ಮನಸ್ಸಿಗೆ ಬಂದರೆ ಮೆಕ್ಯಾನಿಕ್ ಹೇಳುವ ಮಾತನ್ನು ಅರ್ಥಮಾಡಿಕೊಂಡು ಪ್ರಶ್ನೆ ಕೇಳಲು ಯಾರಿಗೂ ಸಾಧ್ಯವಾಗುತ್ತದೆ.

ತಂಪು ಎಲ್ಲಿಂದ ಬರುತ್ತದೆ?

ಫ್ರಿಜ್ ತಂಪನ್ನು ಉತ್ಪಾದಿಸುವ ಯಂತ್ರವೆಂದು ಬಹಳ ಜನ ಭಾವಿಸುತ್ತಾರೆ. ವಾಸ್ತವದಲ್ಲಿ ಅದು ಪೆಟ್ಟಿಗೆಯೊಳಗಿನ ಶಾಖವನ್ನು ಎತ್ತಿ ಅಡುಗೆಮನೆಗೆ ಸಾಗಿಸುತ್ತದೆ, ಅಷ್ಟೇ. ಒಳಗಿಟ್ಟ ಬಂಗಡೆ ಮೀನಿನಲ್ಲಿ, ಹಾಲಿನಲ್ಲಿ, ಮಜ್ಜಿಗೆಯಲ್ಲಿ ಇದ್ದ ಶಾಖವೂ ಬಾಗಿಲು ತೆರೆದಾಗ ನುಗ್ಗಿದ ಬಿಸಿಗಾಳಿಯ ಶಾಖವೂ ಕೊನೆಗೆ ಫ್ರಿಜ್ಜಿನ ಹಿಂಬದಿಯಿಂದಲೋ ಪಕ್ಕದ ಗೋಡೆಗಳಿಂದಲೋ ಹೊರಬೀಳುತ್ತವೆ. ಇದರೊಂದಿಗೆ ಯಂತ್ರ ನಡೆಸಲು ಬಳಸಿದ ವಿದ್ಯುತ್ತೂ ಶಾಖವಾಗಿಯೇ ಕೋಣೆಯನ್ನು ಸೇರುತ್ತದೆ. ಆದ್ದರಿಂದ ಸೆಕೆ ತಾಳದೆ ಫ್ರಿಜ್ಜಿನ ಬಾಗಿಲು ತೆರೆದಿಟ್ಟರೆ ಅಡುಗೆಮನೆ ತಣ್ಣಗಾಗುವುದಿಲ್ಲ, ಸ್ವಲ್ಪ ಹೆಚ್ಚೇ ಬಿಸಿಯಾಗುತ್ತದೆ.

ಶಾಖ ತಾನಾಗಿ ಬಿಸಿಯ ಕಡೆಯಿಂದ ತಣ್ಣನೆಯ ಕಡೆಗೆ ಹರಿಯುತ್ತದೆ. ಅದನ್ನು ತಿರುಗುಮುರುಗಾಗಿ, ಅಂದರೆ 4 ಡಿಗ್ರಿಯ ಪೆಟ್ಟಿಗೆಯಿಂದ 30 ಡಿಗ್ರಿಯ ಕೋಣೆಗೆ ಸಾಗಿಸಬೇಕಾದರೆ ಎರಡು ಸಂಗತಿಗಳು ಬೇಕು. ಒಂದು, ಶಾಖವನ್ನು ಹೊತ್ತೊಯ್ಯುವ ವಸ್ತು. ಇನ್ನೊಂದು, ಆ ವಸ್ತುವನ್ನು ಒಳಗೆ ಪೆಟ್ಟಿಗೆಗಿಂತ ತಣ್ಣಗೆ, ಹೊರಗೆ ಕೋಣೆಗಿಂತ ಬಿಸಿಯಾಗಿ ಇಡುವ ಉಪಾಯ. ಶಾಖ ಹೊರುವ ಆ ವಸ್ತುವಿಗೆ ಶೈತ್ಯಕಾರಕವೆಂದು ಹೆಸರು. ಮಾತಿನಲ್ಲಿ ಎಲ್ಲರೂ ‘ಗ್ಯಾಸ್’ ಎನ್ನುತ್ತಾರೆ. ಉಪಾಯವಿರುವುದು ಒತ್ತಡದಲ್ಲಿ.

ಮದುವೆಮನೆಯ ಸಿಲಿಂಡರ್ ಹೇಳುವ ಪಾಠ

ಒತ್ತಡದ ಈ ಉಪಾಯವನ್ನು ಕಣ್ಣಾರೆ ಕಾಣಬೇಕಾದರೆ ಮದುವೆಮನೆಯ ಅಡುಗೆ ಚಪ್ಪರದ ಗ್ಯಾಸ್ ಸಿಲಿಂಡರನ್ನು ನೋಡಬೇಕು. ದೊಡ್ಡ ಒಲೆಗೆ ಜೋಡಿಸಿದ ಸಿಲಿಂಡರಿನ ಕೆಳಭಾಗ ಸ್ವಲ್ಪ ಹೊತ್ತಿನಲ್ಲೇ ತಣ್ಣಗಾಗಿ, ಹೊರಮೈಯಲ್ಲಿ ನೀರು ಬೆವರಿದಂತೆ ಇಳಿಯತೊಡಗುತ್ತದೆ. ಸಿಲಿಂಡರಿನೊಳಗೆ ಇರುವುದು ಪ್ರೊಪೇನ್ ಮತ್ತು ಬ್ಯುಟೇನ್‌ಗಳ ಮಿಶ್ರಣ. ಅದು ಒತ್ತಡಕ್ಕೆ ಸಿಕ್ಕು ದ್ರವವಾಗಿ ಕುಳಿತಿರುತ್ತದೆ. ಒಲೆ ಹಚ್ಚಿದಾಗ ಮೇಲಿನ ಅನಿಲ ಹೊರಗೆ ಹೋಗಿ ಒತ್ತಡ ಇಳಿಯುತ್ತದೆ, ದ್ರವ ಕುದಿದು ಅನಿಲವಾಗುತ್ತದೆ, ಕುದಿಯಲು ಬೇಕಾದ ಶಾಖವನ್ನು ಅದು ಸಿಲಿಂಡರಿನ ಲೋಹದಿಂದಲೂ ಸುತ್ತಲಿನ ಗಾಳಿಯಿಂದಲೂ ಎಳೆದುಕೊಳ್ಳುತ್ತದೆ.

ಇದರಲ್ಲಿ ಎರಡು ನಿಯಮಗಳು ಅಡಗಿವೆ. ಮೊದಲನೆಯದು, ದ್ರವವೊಂದು ಯಾವ ಉಷ್ಣತೆಯಲ್ಲಿ ಕುದಿಯುತ್ತದೆ ಎಂಬುದು ಒತ್ತಡವನ್ನು ಅವಲಂಬಿಸಿದೆ: ಒತ್ತಡ ಕಡಿಮೆಯಾದರೆ ಕಡಿಮೆ ಉಷ್ಣತೆಯಲ್ಲಿಯೇ ಕುದಿಯುತ್ತದೆ, ಒತ್ತಡ ಹೆಚ್ಚಿದರೆ ಬಿಸಿಯಲ್ಲಿಯೂ ದ್ರವವಾಗಿಯೇ ಉಳಿಯುತ್ತದೆ. ಎರಡನೆಯದು, ದ್ರವ ಆವಿಯಾಗುವಾಗ ಅಪಾರ ಶಾಖವನ್ನು ಹೀರಿಕೊಳ್ಳುತ್ತದೆ. ಆವಿ ಮತ್ತೆ ದ್ರವವಾಗುವಾಗ ಅದೇ ಶಾಖವನ್ನು ಹೊರಗೆ ಬಿಡುತ್ತದೆ. ಶಾಲೆಯ ವಿಜ್ಞಾನದ ಪಾಠದಲ್ಲಿ ಇದಕ್ಕೆ ಗುಪ್ತೋಷ್ಣವೆಂದು ಹೆಸರು. 1 ಕಿಲೋ ನೀರನ್ನು 1 ಡಿಗ್ರಿಯಷ್ಟು ಬಿಸಿಮಾಡಲು ಸುಮಾರು 4.2 ಕಿಲೋಜೂಲ್ ಸಾಕು. ಅದೇ ನೀರು 100 ಡಿಗ್ರಿಯಲ್ಲಿ ಆವಿಯಾಗಲು ಸುಮಾರು 2,260 ಕಿಲೋಜೂಲ್ ಬೇಕು. ಶಾಖ ಹೊರುವ ಕೆಲಸಕ್ಕೆ ಕುದಿಯುವ ದ್ರವವನ್ನೇ ಆರಿಸಿಕೊಂಡದ್ದಕ್ಕೆ ಈ ದೊಡ್ಡ ಅಂತರವೇ ಕಾರಣ.

ಈಗ ಮಾರಾಟವಾಗುವ ಬಹುಪಾಲು ಮನೆಬಳಕೆಯ ಫ್ರಿಜ್‌ಗಳಲ್ಲಿರುವುದು ಆರ್-600ಎ ಎಂಬ ಗ್ಯಾಸ್. ಇದರ ರಾಸಾಯನಿಕ ಹೆಸರು ಐಸೊಬ್ಯುಟೇನ್. ಅಡುಗೆ ಅನಿಲದಲ್ಲಿರುವ ಬ್ಯುಟೇನಿನ ಇನ್ನೊಂದು ರೂಪ. ಸಾಮಾನ್ಯ ಒತ್ತಡದಲ್ಲಿ ಇದು ಸೊನ್ನೆಗಿಂತ ಸುಮಾರು 11.7 ಡಿಗ್ರಿ ಕೆಳಗೆ ಕುದಿಯುತ್ತದೆ. ಮನೆಯ ಸಿಲಿಂಡರಿನಲ್ಲಿ 14.2 ಕಿಲೋ ಅನಿಲವಿದ್ದರೆ ಫ್ರಿಜ್ಜಿನೊಳಗೆ ಇರುವುದು ಹಲವು ಹತ್ತು ಗ್ರಾಂ ಮಾತ್ರ. ಸಿಲಿಂಡರಿನ ಅನಿಲ ಉರಿದು ಮುಗಿಯುತ್ತದೆ. ಫ್ರಿಜ್ಜಿನ ಗ್ಯಾಸ್ ಬೆಸುಗೆ ಹಾಕಿ ಮುಚ್ಚಿದ ಕೊಳವೆಗಳಲ್ಲಿ ವರ್ಷಗಟ್ಟಲೆ ಸುತ್ತುತ್ತಲೇ ಇರುತ್ತದೆ. ಈ ಕಾರಣಕ್ಕೆ ‘ಗ್ಯಾಸ್ ಖಾಲಿಯಾಗಿದೆ’ ಎಂಬ ಮಾತನ್ನು ಅರ್ಧ ಉತ್ತರವೆಂದಷ್ಟೇ ತಿಳಿಯಬೇಕು. ಅದನ್ನು ಮುಂದೆ ನೋಡೋಣ.

ಕಂಪ್ರೆಸರ್

ಫ್ರಿಜ್ಜಿನ ಹಿಂದೆ, ತಳದಲ್ಲಿ ಕಾಣುವ ಕಪ್ಪು ಬಣ್ಣದ ಉಕ್ಕಿನ ಗಡಿಗೆಯಂಥ ಭಾಗವೇ ಕಂಪ್ರೆಸರ್. ಒಳಗೆ ವಿದ್ಯುತ್ ಮೋಟಾರು ಮತ್ತು ಅದರಿಂದ ಹಿಂದೆಮುಂದೆ ಚಲಿಸುವ ಸಣ್ಣ ಪಿಸ್ಟನ್ ಇವೆ. ಎರಡನ್ನೂ ಸೇರಿಸಿ ಗಾಳಿ ಆಡದಂತೆ ಬೆಸೆದು ಮುಚ್ಚಿರುತ್ತಾರೆ. ಹಳೆಯ ಮಾದರಿಯ ಮೋಟಾರು ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ನಿಮಿಷಕ್ಕೆ ಸುಮಾರು 2,900 ಸುತ್ತು ತಿರುಗುತ್ತದೆ, ಇಲ್ಲವೇ ಪೂರ್ತಿ ನಿಲ್ಲುತ್ತದೆ. ‘ಇನ್ವರ್ಟರ್’ ಎಂದು ಬರೆದ ಫ್ರಿಜ್‌ಗಳಲ್ಲಿ ಮೋಟಾರಿನ ವೇಗ ಅಗತ್ಯಕ್ಕೆ ತಕ್ಕಂತೆ ಏರಿಳಿಯುತ್ತದೆ. ಕರೆಂಟು ಹೋದಾಗ ಬಳಸುವ ಮನೆಯ ಬ್ಯಾಟರಿ ಇನ್ವರ್ಟರಿಗೂ ಇದಕ್ಕೂ ಸಂಬಂಧವಿಲ್ಲ.

ಕಂಪ್ರೆಸರ್ ಒಂದು ಕಡೆಯಿಂದ ತಣ್ಣನೆಯ, ಒತ್ತಡ ಕಡಿಮೆಯಿರುವ ಆವಿಯನ್ನು ಹೀರಿ, ಇನ್ನೊಂದು ಕಡೆಗೆ ಒತ್ತಿ ಕಳಿಸುತ್ತದೆ. ಐಸೊಬ್ಯುಟೇನಿನ ಲೆಕ್ಕದಲ್ಲಿ ಹೀರುವ ಕಡೆಯ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತಲೂ ಕಡಿಮೆ, ಅದರ ಸುಮಾರು 0.6 ಪಾಲು, ತಳ್ಳುವ ಕಡೆ ಹೊರಗಾಳಿಯ ಒತ್ತಡದ ಆರೇಳು ಪಟ್ಟು. ಹೀಗೆ ಒತ್ತಿದಾಗ ಆವಿ ಕೋಣೆಗಿಂತ ಹೆಚ್ಚು ಬಿಸಿಯಾಗುತ್ತದೆ. ಶಾಖವನ್ನು ಕೋಣೆಗೆ ದಾಟಿಸಲು ಇದೇ ಬೇಕಾಗಿತ್ತು.

ಕಂಪ್ರೆಸರಿನ ತಳದಲ್ಲಿ ಎಣ್ಣೆಯೂ ಇರುತ್ತದೆ. ಮನೆ ಬದಲಿಸುವಾಗ ಟೆಂಪೋದಲ್ಲಿ ಫ್ರಿಜ್ಜನ್ನು ಮಲಗಿಸಿ ತಂದರೆ ಈ ಎಣ್ಣೆ ಕೊಳವೆಗಳಿಗೆ ಹರಿಯುತ್ತದೆ. ತಂದ ಮೇಲೆ ನೆಟ್ಟಗೆ ನಿಲ್ಲಿಸಿ ಕೆಲವು ಗಂಟೆ ಬಿಟ್ಟು ಸ್ವಿಚ್ ಹಾಕಬೇಕೆನ್ನುವುದು ಇದಕ್ಕಾಗಿ.

ಕಂಡೆನ್ಸರ್ ಮತ್ತು ಉಪ್ಪುಗಾಳಿ

ಬಿಸಿಯಾದ ಆವಿ ಮುಂದೆ ಹೋಗುವುದು ಕಂಡೆನ್ಸರಿಗೆ. ಹಳೆಯ ಫ್ರಿಜ್‌ಗಳ ಬೆನ್ನಿಗೆ ಹಾವಿನಂತೆ ಸುತ್ತಿ ಬಿಗಿದ ಕಪ್ಪು ಕೊಳವೆಗಳ ಜಾಲರಿಯೇ ಅದು. ಹೊಸ ಮಾದರಿಗಳಲ್ಲಿ ಇದನ್ನು ಪಕ್ಕದ ತಗಡಿನ ಒಳಮೈಗೆ ಅಂಟಿಸಿರುತ್ತಾರೆ. ಫ್ರಿಜ್ಜಿನ ಪಕ್ಕ ಮುಟ್ಟಿದರೆ ಬಿಸಿ ಎಂದು ಗಾಬರಿಯಾಗುವವರು ಇದನ್ನು ತಿಳಿದಿರಬೇಕು, ಆ ಬಿಸಿಯೇ ಯಂತ್ರ ಸರಿಯಾಗಿ ಕೆಲಸ ಮಾಡುತ್ತಿರುವುದರ ಗುರುತು. ಇಲ್ಲಿ ಆವಿ ತನ್ನ ಶಾಖವನ್ನು ಕೋಣೆಯ ಗಾಳಿಗೆ ಬಿಟ್ಟು ದ್ರವವಾಗುತ್ತದೆ. ಇದೇ ಬಿಸಿ ಕೊಳವೆಯ ಒಂದು ಸುತ್ತನ್ನು ಅನೇಕ ಫ್ರಿಜ್‌ಗಳಲ್ಲಿ ಬಾಗಿಲಿನ ಚೌಕಟ್ಟಿನ ಒಳಗೂ ಹಾಯಿಸಿರುತ್ತಾರೆ. ಕರಾವಳಿಯ ತೇವದ ಗಾಳಿಯಲ್ಲಿ ಚೌಕಟ್ಟು ತಣ್ಣಗಿದ್ದರೆ ಅದರ ಮೇಲೆ ನೀರ ಹನಿ ಕಟ್ಟುತ್ತದೆ, ಅದನ್ನು ತಡೆಯಲು ಈ ಏರ್ಪಾಡು.

ಕಂಡೆನ್ಸರಿನ ಸುತ್ತ ಗಾಳಿ ಆಡದಿದ್ದರೆ ಶಾಖ ಹೊರಬೀಳುವುದಿಲ್ಲ, ಒತ್ತಡ ಏರುತ್ತದೆ, ಕಂಪ್ರೆಸರ್ ಹೆಚ್ಚು ಹೊತ್ತು ಓಡಿ ಹೆಚ್ಚು ವಿದ್ಯುತ್ ತಿನ್ನುತ್ತದೆ. ಗೋಡೆಗೂ ಫ್ರಿಜ್ಜಿಗೂ ನಡುವೆ ನಾಲ್ಕಾರು ಇಂಚು ಬಿಡಬೇಕು. ಪಕ್ಕದಲ್ಲಿ ಅಕ್ಕಿ ಚೀಲ ಒತ್ತರಿಸಿಡುವುದು, ಮೇಲಿನಿಂದ ಬಟ್ಟೆ ಇಳಿಬಿಡುವುದು ಒಳ್ಳೆಯದಲ್ಲ.

ಸಮುದ್ರದ ಹತ್ತಿರದ ಮನೆಗಳಿಗೆ ಇನ್ನೊಂದು ಚಿಂತೆಯಿದೆ. ಕಂಡೆನ್ಸರಿನ ಕೊಳವೆ ಸಾಮಾನ್ಯವಾಗಿ ಉಕ್ಕಿನದು. ಅಲೆಗಳಿಂದ ಎದ್ದ ಉಪ್ಪಿನ ಸೂಕ್ಷ್ಮ ಕಣಗಳು ಗಾಳಿಯೊಂದಿಗೆ ಬಂದು ಧೂಳಿನ ಜೊತೆ ಕೊಳವೆಯ ಮೇಲೆ ಕೂರುತ್ತವೆ. ಉಪ್ಪು ಗಾಳಿಯ ತೇವವನ್ನು ಹಿಡಿದಿಟ್ಟುಕೊಂಡು ಬಣ್ಣ ಕಿತ್ತ ಕಡೆ ತುಕ್ಕನ್ನು ಬೇಗ ಬೆಳೆಸುತ್ತದೆ. ಒಂದು ದಿನ ಆ ತುಕ್ಕಿನಲ್ಲಿ ಕಣ್ಣಿಗೆ ಕಾಣದ ರಂಧ್ರವಾದರೂ ಸಾಕು, ಗ್ಯಾಸ್ ಸೋರಿಹೋಗುತ್ತದೆ. ಪ್ಲಗ್ ಕಿತ್ತು, ಒಣ ಬ್ರಷ್‌ನಿಂದ ಜಾಲರಿಯ ಧೂಳು ತೆಗೆದು, ಬಟ್ಟೆಯಿಂದ ಒರೆಸುವುದು ಕಾರವಾರದ ಬೈತಖೋಲದ ಮನೆಗೆ ಎಷ್ಟು ಅಗತ್ಯವೋ ಶಿರಸಿಯ ಮನೆಗೆ ಅಷ್ಟಿಲ್ಲ.

ಫಿಲ್ಟರ್ ಮತ್ತು ಕ್ಯಾಪಿಲರಿ

ಕಂಡೆನ್ಸರಿನ ಕೊನೆಯಲ್ಲಿ ಹೆಬ್ಬೆರಳಿನಷ್ಟು ದಪ್ಪದ ಸಣ್ಣ ತಾಮ್ರದ ಕೊಳವೆಯೊಂದಿದೆ. ಅದನ್ನು ಮೆಕ್ಯಾನಿಕ್‌ಗಳು ಫಿಲ್ಟರ್ ಅಥವಾ ಡ್ರೈಯರ್ ಎನ್ನುತ್ತಾರೆ. ಒಳಗೆ ಜಾಲರಿಯೂ ತೇವ ಹೀರುವ ಸಣ್ಣ ಹರಳುಗಳೂ ಇರುತ್ತವೆ. ಜಾಲರಿ ಕಸವನ್ನು ತಡೆಯುತ್ತದೆ, ಹರಳುಗಳು ಗ್ಯಾಸಿನಲ್ಲಿ ಅಕಸ್ಮಾತ್ ಸೇರಿರುವ ನೀರಿನ ಅಂಶವನ್ನು ಹಿಡಿದುಕೊಳ್ಳುತ್ತವೆ.

ಅಲ್ಲಿಂದ ಮುಂದೆ ಕ್ಯಾಪಿಲರಿ. ಎರಡು ಮೂರು ಮೀಟರ್ ಉದ್ದ, ಒಳವ್ಯಾಸ ಒಂದು ಮಿಲಿಮೀಟರಿಗಿಂತಲೂ ಕಡಿಮೆ ಇರುವ ತಾಮ್ರದ ಎಳೆ. ಚಲಿಸುವ ಭಾಗ ಒಂದೂ ಇಲ್ಲದ ಈ ಎಳೆಯೇ ಇಡೀ ವ್ಯವಸ್ಥೆಯನ್ನು ಎರಡು ಪಾಲು ಮಾಡುತ್ತದೆ: ಇದರ ಹಿಂದೆ ಹೆಚ್ಚಿನ ಒತ್ತಡ, ಮುಂದೆ ಕಡಿಮೆ ಒತ್ತಡ. ಅಷ್ಟು ಸಣ್ಣ ದಾರಿಯಲ್ಲಿ ದ್ರವ ತೆವಳಿಕೊಂಡು ಹೋಗುವಾಗ ಅದರ ಒತ್ತಡ ಕುಸಿಯುತ್ತದೆ. ಹೊರಬರುವಷ್ಟರಲ್ಲಿ ಅದರ ಕುದಿಯುವ ಉಷ್ಣತೆ ಸೊನ್ನೆಗಿಂತ 25 ಡಿಗ್ರಿಯ ಆಸುಪಾಸು ಕೆಳಗಿಳಿದಿರುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ಫ್ರಿಜ್ಜಿನಲ್ಲಿ ಇಷ್ಟು ಸರಳವಾಗಿದ್ದು ಇಷ್ಟು ದೊಡ್ಡ ಕೆಲಸ ಮಾಡುವ ಭಾಗ ಇನ್ನೊಂದಿಲ್ಲ.

ದಾರಿ ಸಣ್ಣದಾದ್ದರಿಂದಲೇ ಅದು ಕಟ್ಟಿಕೊಳ್ಳುವ ಸಂಭವವೂ ಹೆಚ್ಚು. ‘ಚೋಕ್’ ಎನ್ನುವುದು ಇದಕ್ಕೆ. ಕಸದಿಂದ ಕಟ್ಟಿದರೆ ತಂಪು ಒಮ್ಮೆ ನಿಂತದ್ದು ಮತ್ತೆ ಬರುವುದಿಲ್ಲ. ತೇವದಿಂದ ಕಟ್ಟಿದರೆ ಲಕ್ಷಣವೇ ಬೇರೆ: ಗ್ಯಾಸಿನೊಂದಿಗೆ ಬಂದ ನೀರಿನ ಹನಿ ಕ್ಯಾಪಿಲರಿಯ ತಣ್ಣನೆಯ ತುದಿಯಲ್ಲಿ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ, ತಂಪು ನಿಲ್ಲುತ್ತದೆ, ಒಳಗೆ ಬಿಸಿಯೇರಿ ಮಂಜು ಕರಗಿದಾಗ ದಾರಿ ತೆರೆದು ಮತ್ತೆ ತಂಪಾಗುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಮುಚ್ಚುತ್ತದೆ. ಕೊಳವೆಯನ್ನು ಕತ್ತರಿಸಿ ರಿಪೇರಿ ಮಾಡುವಾಗ ಹೊರಗಿನ ಗಾಳಿ ಒಳಹೋಗುತ್ತದೆ. ಜುಲೈ ತಿಂಗಳ ಕರಾವಳಿಯ ಗಾಳಿಯಲ್ಲಿರುವಷ್ಟು ತೇವ ಒಳಸೇರಿದರೆ ಹಳೆಯ ಫಿಲ್ಟರ್ ಅದನ್ನು ತಡೆದುಕೊಳ್ಳಲಾರದು. ಹೀಗಾಗಿ ಕೊಳವೆ ತೆರೆದಾಗಲೆಲ್ಲ ಹೊಸ ಫಿಲ್ಟರ್ ಹಾಕುವುದು, ಗ್ಯಾಸ್ ತುಂಬುವ ಮೊದಲು ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಗಾಳಿ ಮತ್ತು ತೇವವನ್ನು ಪೂರ್ತಿ ಹೀರಿ ತೆಗೆಯುವುದು ಕಡ್ಡಾಯ.

ಇವ್ಯಾಪರೇಟರ್ ಮತ್ತು ಮಂಜಿನ ಕಾಟ

ಕ್ಯಾಪಿಲರಿಯಿಂದ ಹೊರಬಂದ ದ್ರವ ಕುದಿಯುವ ಜಾಗವೇ ಇವ್ಯಾಪರೇಟರ್. ಮೆಕ್ಯಾನಿಕ್‌ಗಳ ಮಾತಿನಲ್ಲಿ ಕೂಲಿಂಗ್ ಕಾಯಿಲ್. ಆಹಾರದ ಶಾಖ ಗಾಳಿಗೆ, ಗಾಳಿಯಿಂದ ಕಾಯಿಲ್‌ನ ಲೋಹಕ್ಕೆ, ಲೋಹದಿಂದ ಕುದಿಯುವ ಗ್ಯಾಸಿಗೆ ಸೇರುತ್ತದೆ. ದ್ರವವೆಲ್ಲ ಆವಿಯಾಗಿ ಕಂಪ್ರೆಸರಿಗೆ ಮರಳುತ್ತದೆ, ಸುತ್ತು ಮತ್ತೆ ಮೊದಲಾಗುತ್ತದೆ.

ಒಂದೇ ಬಾಗಿಲಿನ ಸಾಮಾನ್ಯ ಫ್ರಿಜ್ಜಿನಲ್ಲಿ ಫ್ರೀಜರ್ ಪೆಟ್ಟಿಗೆಯ ಅಲ್ಯೂಮಿನಿಯಂ ಗೋಡೆಯೇ ಇವ್ಯಾಪರೇಟರ್. ಎರಡು ತೆಳು ತಗಡುಗಳನ್ನು ಬೆಸೆದು ನಡುವೆ ಗ್ಯಾಸಿನ ಕಾಲುವೆಗಳನ್ನು ಉಬ್ಬಿಸಿರುತ್ತಾರೆ. ಎರಡು ಬಾಗಿಲಿನ ‘ಫ್ರಾಸ್ಟ್ ಫ್ರೀ’ ಮಾದರಿಯಲ್ಲಿ ಅದು ಫ್ರೀಜರಿನ ಹಿಂದಿನ ಮುಚ್ಚಳದ ಮರೆಯಲ್ಲಿರುತ್ತದೆ. ಅಲ್ಲಿ ಸಣ್ಣ ಫ್ಯಾನ್ ತಣ್ಣನೆಯ ಗಾಳಿಯನ್ನು ಫ್ರೀಜರಿಗೂ ಕೆಳಗಿನ ಭಾಗಕ್ಕೂ ಊದುತ್ತದೆ.

ಇಲ್ಲಿ ಕರಾವಳಿಯ ಹವೆ ತನ್ನ ಪ್ರಭಾವ ತೋರಿಸುತ್ತದೆ. 30 ಡಿಗ್ರಿ ಉಷ್ಣತೆಯ, ಶೇ 80ರಷ್ಟು ಆರ್ದ್ರತೆಯ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ನೀರಾವಿ ಇರುತ್ತದೆ. 4 ಡಿಗ್ರಿಯಲ್ಲಿ ಅಷ್ಟೇ ಗಾಳಿ ಹಿಡಿದಿಡಬಲ್ಲದ್ದು 6 ಗ್ರಾಮಿಗಿಂತ ತುಸು ಹೆಚ್ಚು. ಬಾಗಿಲು ತೆರೆದಾಗ ಒಳನುಗ್ಗುವ ಗಾಳಿಯ ಈ ಹೆಚ್ಚುವರಿ ನೀರು ಎಲ್ಲಿಯಾದರೂ ಇಳಿಯಲೇಬೇಕು. ಅದು ಎಲ್ಲಕ್ಕಿಂತ ತಣ್ಣಗಿರುವ ಇವ್ಯಾಪರೇಟರಿನ ಮೇಲೆ ಕುಳಿತು ಮಂಜಾಗುತ್ತದೆ. ನೀರಾವಿ ಮಂಜಾಗುವಾಗ ಬಿಡುವ ಗುಪ್ತೋಷ್ಣವೂ ಗ್ಯಾಸಿನ ಹೊರೆಗೇ ಸೇರುತ್ತದೆ. ಒಂದೇ ಉಷ್ಣತೆಯ ಎರಡು ಊರುಗಳಲ್ಲಿ ತೇವ ಹೆಚ್ಚಿರುವ ಊರಿನ ಫ್ರಿಜ್ಜು ಹೆಚ್ಚು ದುಡಿಯಬೇಕಾಗುವುದು ಹೀಗೆ.

ಮಂಜಿನ ಪದರದಲ್ಲಿ ಗಾಳಿ ಸಿಕ್ಕಿಕೊಂಡಿರುವುದರಿಂದ ಅದರ ಮೂಲಕ ಶಾಖ ಸುಲಭವಾಗಿ ಹಾಯುವುದಿಲ್ಲ. ಮಂಜು ದಪ್ಪವಾದಷ್ಟೂ ತಂಪು ಹೆಚ್ಚೆಂದು ತಿಳಿಯುವುದು ತಪ್ಪು. ಕಾಯಿಲ್‌ಗೂ ಆಹಾರಕ್ಕೂ ನಡುವೆ ಅದು ಕಂಬಳಿಯಾಗಿ ಬೆಳೆಯುತ್ತಿರುತ್ತದೆ. ಒಂದೇ ಬಾಗಿಲಿನ ಫ್ರಿಜ್ಜಿನಲ್ಲಿ ಮಂಜು ಐದಾರು ಮಿಲಿಮೀಟರ್ ಕಟ್ಟಿದಾಗ ಡಿಫ್ರಾಸ್ಟ್ ಗುಂಡಿ ಒತ್ತಿ ತಾನಾಗಿ ಕರಗಲು ಬಿಡಬೇಕು. ಮೀನಿನ ಡಬ್ಬಿ ಮಂಜಿಗೆ ಅಂಟಿತೆಂದು ಚಾಕು, ಸೌಟು ಹಾಕಿ ಎಬ್ಬಿಸಿದರೆ ತೆಳು ಅಲ್ಯೂಮಿನಿಯಂ ತೂತಾಗಿ ಗ್ಯಾಸೆಲ್ಲ ಹೊರಹೋಗುತ್ತದೆ. ಈ ಒಂದು ತಪ್ಪಿಗೆ ತೆರಬೇಕಾದ ಬೆಲೆ ದೊಡ್ಡದು, ಆದ್ದರಿಂದ ಒತ್ತಿ ಹೇಳುತ್ತಿದ್ದೇನೆ.

ಫ್ರಾಸ್ಟ್ ಫ್ರೀ ಮಾದರಿಯಲ್ಲಿ ಈ ಕೆಲಸವನ್ನು ಯಂತ್ರವೇ ಮಾಡುತ್ತದೆ. ಆಗಾಗ ಕಂಪ್ರೆಸರ್ ನಿಂತು, ಕಾಯಿಲ್‌ನ ಬಳಿಯ ಹೀಟರ್ ಬಿಸಿಯಾಗಿ ಮಂಜು ಕರಗುತ್ತದೆ. ನೀರು ಕೊಳವೆಯಲ್ಲಿ ಇಳಿದು ಕಂಪ್ರೆಸರಿನ ಮೇಲಿನ ತಟ್ಟೆಗೆ ಬೀಳುತ್ತದೆ, ಅಲ್ಲಿಯ ಬಿಸಿಗೆ ಆರಿಹೋಗುತ್ತದೆ. ಹೀಟರ್ ಕೆಟ್ಟರೆ ಮಂಜು ಗಾಳಿಯ ದಾರಿಯನ್ನೇ ಮುಚ್ಚುತ್ತದೆ. ಆಗ ಫ್ರೀಜರ್ ಒಂದಿಷ್ಟು ತಣ್ಣಗಿದ್ದರೂ ಕೆಳಗಿನ ಭಾಗ ಬೆಚ್ಚಗಾಗುತ್ತದೆ, ಗ್ಯಾಸಿನಲ್ಲಿ ಯಾವ ದೋಷವೂ ಇರುವುದಿಲ್ಲ. ನೀರಿಳಿಯುವ ಕೊಳವೆ ಕಟ್ಟಿದರೆ ತರಕಾರಿ ಪೆಟ್ಟಿಗೆಯ ಕೆಳಗೆ ನೀರು ನಿಲ್ಲುತ್ತದೆ.

ಬಾಗಿಲಿನ ರಬ್ಬರು ಸಡಿಲವಾಗಿದ್ದರೆ ತೇವದ ಗಾಳಿ ದಿನವಿಡೀ ಒಳಸೇರುತ್ತದೆ. ಬಾಗಿಲಿಗೆ ಕಾಗದದ ತುಂಡು ಸಿಕ್ಕಿಸಿ ಎಳೆದಾಗ ತಡೆಯಿಲ್ಲದೆ ಬಂದರೆ ಆ ಜಾಗದಲ್ಲಿ ರಬ್ಬರು ಹಿಡಿಯುತ್ತಿಲ್ಲವೆಂದು ಅರ್ಥ.

ಥರ್ಮೋಸ್ಟಾಟ್

ಒಳಗಿನ ಉಷ್ಣತೆ ನಿಗದಿತ ಮಟ್ಟಕ್ಕೆ ಇಳಿದಾಗ ಕಂಪ್ರೆಸರನ್ನು ನಿಲ್ಲಿಸಿ, ಏರಿದಾಗ ಮತ್ತೆ ಚಾಲೂ ಮಾಡುವ ಸ್ವಿಚ್ ಇದು. ಗುಂಡಿಯ ಮೇಲಿನ 1, 2, 3 ಎಂಬ ಅಂಕಿಗಳು ಡಿಗ್ರಿಯ ಲೆಕ್ಕವಲ್ಲ, ತಂಪಿನ ಮಟ್ಟಗಳು. ಗುಂಡಿಯನ್ನು ಕೊನೆಯ ಅಂಕಿಗೆ ತಿರುಗಿಸಿದರೆ ಆಹಾರ ಬೇಗ ತಣ್ಣಗಾಗುವುದಿಲ್ಲ. ಕಂಪ್ರೆಸರ್ ನಿಲ್ಲುವುದು ತಡವಾಗುತ್ತದೆ ಅಷ್ಟೇ. ಆಹಾರ ಕೆಡದಿರಲು ಕೆಳಗಿನ ಭಾಗ 4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ, ಫ್ರೀಜರ್ ಸೊನ್ನೆಗಿಂತ 18 ಡಿಗ್ರಿ ಕೆಳಗೆ ಇದ್ದರೆ ಒಳ್ಳೆಯದು.

ಕರೆಂಟು ಹೋಗಿ ತಕ್ಷಣ ಬಂದಾಗ

ಫ್ರಿಜ್ ಓಡುತ್ತಿರುವಾಗ ಕರೆಂಟು ಹೋದರೆ ಆ ಗಳಿಗೆಯಲ್ಲಿ ಕಂಪ್ರೆಸರಿನ ಒಂದು ಕಡೆ ಹೆಚ್ಚಿನ ಒತ್ತಡ, ಇನ್ನೊಂದು ಕಡೆ ಕಡಿಮೆ ಒತ್ತಡ ಹಾಗೆಯೇ ಉಳಿದಿರುತ್ತವೆ. ಕ್ಯಾಪಿಲರಿಯ ಸಣ್ಣ ದಾರಿಯಲ್ಲಿ ಗ್ಯಾಸ್ ಹರಿದು ಎರಡೂ ಕಡೆ ಸಮವಾಗಲು ಕೆಲವು ನಿಮಿಷ ಬೇಕು. ಅಷ್ಟರೊಳಗೆ ಕರೆಂಟು ಬಂದರೆ ಮೋಟಾರು ಆ ಒತ್ತಡದ ವಿರುದ್ಧ ತಿರುಗಲಾರದೆ ಗುಂಯ್ಗುಡುತ್ತದೆ, ಅತಿಯಾಗಿ ವಿದ್ಯುತ್ ಎಳೆದು ಬಿಸಿಯಾಗುತ್ತದೆ. ಆಗ ಓವರ್‌ಲೋಡ್ ಎಂಬ ರಕ್ಷಣಾ ಸ್ವಿಚ್ ‘ಟಕ್’ ಎಂದು ಸಂಪರ್ಕ ಕಡಿಯುತ್ತದೆ. ಇದು ಮತ್ತೆಮತ್ತೆ ನಡೆದರೆ ಮೋಟಾರನ್ನು ಆರಂಭದಲ್ಲಿ ತಿರುಗಿಸಲು ನೆರವಾಗುವ ರಿಲೇ ಸುಡಬಹುದು, ಕೊನೆಗೆ ಮೋಟಾರಿನ ಸುರುಳಿಯೂ ಸುಡಬಹುದು. ರಿಲೇ ಮತ್ತು ಓವರ್‌ಲೋಡ್ ಎರಡೂ ಕಂಪ್ರೆಸರಿನ ಹೊರಗೆ ಜೋಡಿಸಿದ ಸಣ್ಣ ಭಾಗಗಳು, ಬದಲಿಸುವುದು ಸುಲಭ, ಬೆಲೆಯೂ ಕಡಿಮೆ. ಕಂಪ್ರೆಸರ್ ಓಡದಿದ್ದಾಗ ಅದೇ ಕೆಟ್ಟಿದೆ ಎಂದು ತೀರ್ಮಾನಿಸುವ ಮೊದಲು ಇವೆರಡನ್ನು ಪರೀಕ್ಷಿಸಬೇಕು.

ಮಳೆಗಾಲದಲ್ಲಿ ಕರೆಂಟು ಪದೇ ಪದೇ ಹೋಗಿ ಬರುತ್ತಿದ್ದರೆ ಸ್ವಿಚ್ ಆರಿಸಿ, ಸ್ಥಿರವಾದ ಮೇಲೆ ಐದು ನಿಮಿಷ ಬಿಟ್ಟು ಹಾಕುವುದು ಸರಿಯಾದ ಕ್ರಮ. ತಡವಾಗಿ ಚಾಲೂ ಆಗುವ ವ್ಯವಸ್ಥೆಯಿರುವ ಸ್ಟೆಬಿಲೈಸರ್ ಇದನ್ನೇ ತಾನಾಗಿ ಮಾಡುತ್ತದೆ. ವೋಲ್ಟೇಜ್ ಇಳಿಯುವ ಒಳನಾಡಿನ ಹಳ್ಳಿಗಳಲ್ಲಿ ಅದರ ಪ್ರಯೋಜನ ಇನ್ನೂ ಹೆಚ್ಚು, ಏಕೆಂದರೆ ವೋಲ್ಟೇಜ್ ಕಡಿಮೆಯಿದ್ದಾಗಲೂ ಮೋಟಾರು ತಿರುಗಲಾರದೆ ಬಿಸಿಯಾಗುತ್ತದೆ. ವಿದ್ಯುತ್ ಇಲ್ಲದಿರುವಾಗ ಬಾಗಿಲು ತೆರೆಯದಿದ್ದರೆ ಕೆಳಗಿನ ಭಾಗದ ತಂಪು ಸುಮಾರು 4 ಗಂಟೆ ಉಳಿಯುತ್ತದೆ.

‘ಗ್ಯಾಸ್ ಖಾಲಿ’ ಎಂದರೆ ಏನು ಕೇಳಬೇಕು?

ಮುಚ್ಚಿದ ಕೊಳವೆಯಿಂದ ಗ್ಯಾಸ್ ಕಡಿಮೆಯಾಗಬೇಕಾದರೆ ಅದು ಎಲ್ಲಿಂದಲೋ ಸೋರಿರಲೇಬೇಕು. ಸೋರಿದ ಜಾಗವನ್ನು ಹುಡುಕಿ ಮುಚ್ಚದೆ ಬರಿದೇ ಗ್ಯಾಸ್ ತುಂಬಿಸಿದರೆ ಅದೂ ಅದೇ ದಾರಿಯಲ್ಲಿ ಹೋಗುತ್ತದೆ. ಬೆನ್ನಿನ ತುಕ್ಕು ಹಿಡಿದ ಕೊಳವೆ, ಬೆಸುಗೆಯ ಕೂಡುಗಳು, ಚೌಕಟ್ಟಿನೊಳಗಿನ ಬಿಸಿ ಕೊಳವೆ, ಫ್ರೀಜರಿನ ಅಲ್ಯೂಮಿನಿಯಂ, ಇವು ಮೊದಲು ಅನುಮಾನಿಸಬೇಕಾದ ಜಾಗಗಳು. ಕೊಳವೆಗೆ ನೈಟ್ರೋಜನ್ ಒತ್ತಡ ಕೊಟ್ಟು, ಸಾಬೂನು ನೀರು ಹಚ್ಚಿ, ಗುಳ್ಳೆ ಏಳುವ ಕಡೆಯನ್ನು ಗುರುತಿಸುತ್ತಾರೆ. ಸೋರಿಕೆ ಇವ್ಯಾಪರೇಟರಿನ ಕಡೆ ಇದ್ದರೆ ಇನ್ನೊಂದು ತೊಂದರೆಯೂ ಕಾಣಿಸಿಕೊಳ್ಳುತ್ತದೆ: ಐಸೊಬ್ಯುಟೇನಿನ ಫ್ರಿಜ್ ಓಡುವಾಗ ಅಲ್ಲಿಯ ಒತ್ತಡ ಹೊರಗಾಳಿಗಿಂತ ಕಡಿಮೆಯಾದ್ದರಿಂದ ರಂಧ್ರದ ಮೂಲಕ ತೇವದ ಗಾಳಿ ಒಳಗೆ ಎಳೆಯಲ್ಪಡುತ್ತದೆ, ಫಿಲ್ಟರ್ ನೀರು ಕುಡಿದು ಸೋಲುತ್ತದೆ.

ಯಾವ ಗ್ಯಾಸ್ ಎಂಬುದೂ ಮುಖ್ಯ. ಬಹಳ ಹಳೆಯ ಫ್ರಿಜ್‌ಗಳಲ್ಲಿ ಆರ್-12 ಇತ್ತು. ಇಂಥ ಕ್ಲೋರಿನ್‌ಯುಕ್ತ ಅನಿಲಗಳು ಭೂಮಿಯ ಓಜೋನ್ ಪದರವನ್ನು ನಾಶಮಾಡಬಲ್ಲವೆಂದು ವಿಜ್ಞಾನಿಗಳಾದ ಮಾರಿಯೊ ಮೊಲಿನಾ ಮತ್ತು ಷೆರ್ವುಡ್ ರೋಲಂಡ್ 1974ರಲ್ಲಿ ತೋರಿಸಿಕೊಟ್ಟರು. 1987ರ ಮಾಂಟ್ರಿಯಲ್ ಒಪ್ಪಂದದ ಮೂಲಕ ಜಗತ್ತಿನ ದೇಶಗಳು ಅವನ್ನು ಹಂತಹಂತವಾಗಿ ಕೈಬಿಟ್ಟವು. ಅದರ ಜಾಗಕ್ಕೆ ಬಂದ ಆರ್-134ಎ ಓಜೋನಿಗೆ ಹಾನಿ ಮಾಡದಿದ್ದರೂ ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಭೂಮಿಯನ್ನು ಬಿಸಿಯಾಗಿಸುತ್ತದೆ. ಐಸೊಬ್ಯುಟೇನಿನಲ್ಲಿ ಈ ಎರಡೂ ಹಾನಿ ನಗಣ್ಯ, ಆದರೆ ಅದು ಉರಿಯುವ ಅನಿಲ. ಒಂದು ಗ್ಯಾಸಿಗೆ ತಯಾರಾದ ಕಂಪ್ರೆಸರಿಗೆ ಇನ್ನೊಂದನ್ನು ತುಂಬಬಾರದು. ಹಿಂಬದಿಯ ಚೀಟಿಯಲ್ಲಿ ಗ್ಯಾಸಿನ ಹೆಸರೂ ಎಷ್ಟು ಗ್ರಾಂ ಎಂಬುದೂ ಅಚ್ಚಾಗಿರುತ್ತವೆ. ಆರ್-600ಎ ಇರುವ ಫ್ರಿಜ್ಜಿನ ರಿಪೇರಿ ನಡೆಯುವಾಗ ಕಿಟಕಿ ಬಾಗಿಲು ತೆರೆದಿಟ್ಟು, ಒಲೆ ಆರಿಸಿರಬೇಕು. ಒಳಗಿನ ಗ್ಯಾಸ್ ಪೂರ್ತಿ ಹೊರಹೋಗುವ ತನಕ ಬೆಸುಗೆಯ ಬೆಂಕಿ ಹತ್ತಿರ ತರಬಾರದು.

ಹಣ ಕೊಡುವ ಮೊದಲು ನಾಲ್ಕು ಸಂಗತಿಗಳನ್ನು ಕೇಳಿ ತಿಳಿಯುವುದು ಮನೆಯವರ ಹಕ್ಕು: ಸೋರಿದ್ದು ಎಲ್ಲಿ, ಫಿಲ್ಟರ್ ಹೊಸದು ಹಾಕಿದಿರಾ, ವ್ಯಾಕ್ಯೂಮ್ ಪಂಪ್ ಎಷ್ಟು ಹೊತ್ತು ನಡೆಸಿದಿರಿ, ಗ್ಯಾಸನ್ನು ಚೀಟಿಯಲ್ಲಿರುವಷ್ಟೇ ತೂಗಿ ತುಂಬಿದಿರಾ. ಹತ್ತಿಪ್ಪತ್ತು ಗ್ರಾಂ ಹೆಚ್ಚಾದರೂ ದ್ರವ ಪೂರ್ತಿ ಆವಿಯಾಗದೆ ಕಂಪ್ರೆಸರಿನವರೆಗೆ ಬರುತ್ತದೆ, ಹಿಂತಿರುಗುವ ಕೊಳವೆಯ ಹೊರಮೈಯಲ್ಲಿ ಮಂಜು ಕಾಣಿಸಿಕೊಳ್ಳುತ್ತದೆ. ಕಡಿಮೆಯಾದರೆ ಇವ್ಯಾಪರೇಟರಿನ ಮೊದಲ ಭಾಗದಲ್ಲಷ್ಟೇ ಮಂಜು ಕಟ್ಟಿ ಉಳಿದದ್ದು ಬೆಚ್ಚಗಿರುತ್ತದೆ. ತೂಕದ ಕಾಟಾ ಇಲ್ಲದೆ ಅಂದಾಜಿನಲ್ಲಿ ತುಂಬಿದ್ದರೆ ಮರುದಿನ ಈ ಎರಡು ಜಾಗಗಳನ್ನು ನೋಡಿದರೆ ಗೊತ್ತಾಗುತ್ತದೆ.